ಮಂಡಿ ಬದಲಾದ ಮೇಲೆ ದಿಂಬು ಎಲ್ಲಿರಬೇಕು?

ಭಾನುವಾರದ ದಿವ್ಯ ಬಲಿಪೂಜೆ ಮುಗಿದು ಇಗರ್ಜಿಯ ಅಂಗಳದಲ್ಲಿ ನಾಲ್ಕು ಮಂದಿ ಹಿರಿಯರು ಸೇರಿದರೆಂದರೆ, ಮಾತು ಮಳೆ, ಬೆಳೆ, ಮಕ್ಕಳ ಸಂಗತಿಗಳನ್ನು ದಾಟಿ ಮೊಣಕಾಲಿಗೆ ಬಂದು ನಿಲ್ಲುವುದು ಈಗ ಸಾಮಾನ್ಯವಾಗಿದೆ. ಒಬ್ಬರಿಗೆ ಬಲಗಾಲು ಆಗಿದೆ, ಇನ್ನೊಬ್ಬರಿಗೆ ಎರಡೂ ಆಗಿದೆ, ಮತ್ತೊಬ್ಬರು ಮಳೆಗಾಲ ಕಳೆಯಲಿ ಎಂದು ಕಾದಿದ್ದಾರೆ. ಮುಪ್ಪಿನ ಅನಿವಾರ್ಯ ಫಲವೆಂದು ಹಿಂದಿನವರು ಸಹಿಸಿಕೊಳ್ಳುತ್ತಿದ್ದ ನೋವಿಗೆ ಇಂದು ದೂರದ ಮಹಾನಗರಗಳಿಗೆ ಹೋಗದೆಯೇ ಶಸ್ತ್ರಚಿಕಿತ್ಸೆ ದೊರೆಯುತ್ತಿರುವುದು ಸಂತೋಷದ ಸಂಗತಿಯೇ ಸರಿ. ಆದರೆ ಈ ಮಾತುಕತೆಗಳಲ್ಲಿ ವೈದ್ಯರ ಹೆಸರಿಗೆ, ಆಸ್ಪತ್ರೆಯ ವೆಚ್ಚಕ್ಕೆ, ಕೃತಕ ಕೀಲಿನ ಕಂಪನಿಗೆ ದೊರೆಯುವ ಸ್ಥಾನ ಮನೆಗೆ ಮರಳಿದ ನಂತರದ ದಿನಗಳಿಗೆ ದೊರೆಯುತ್ತಿಲ್ಲ. ಶಸ್ತ್ರಚಿಕಿತ್ಸೆ ಹೆಚ್ಚೆಂದರೆ ಎರಡು ತಾಸಿನ ಕೆಲಸ. ಚೇತರಿಕೆಯಾದರೋ ತಿಂಗಳುಗಳ ಕೆಲಸ. ಈ ಎರಡನೆಯ ಕೆಲಸದ ಬಹುಭಾಗ ರೋಗಿಯ ಮತ್ತು ಮನೆಯವರ ಪಾಲಿನದು. ಅಲ್ಲಿ ಮನೆಯವರ ಪ್ರೀತಿಯೇ ಕೆಲವೊಮ್ಮೆ ಅಡ್ಡಿಯಾಗಿ ಪರಿಣಮಿಸುತ್ತದೆ ಎಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶ.

ಜನರು ಇದನ್ನು 'ಮಂಡಿಚಿಪ್ಪು ಬದಲಾವಣೆ' ಎಂದು ಕರೆಯುವುದುಂಟು. ವಾಸ್ತವದಲ್ಲಿ ಚಿಪ್ಪು ತನ್ನ ಜಾಗದಲ್ಲಿಯೇ ಉಳಿಯುತ್ತದೆ. ಹೆಚ್ಚೆಂದರೆ ಅದರ ಒಳಮೈಗೆ ಪ್ಲಾಸ್ಟಿಕ್ಕಿನ ಒಂದು ಬಿಲ್ಲೆಯನ್ನು ಕೂರಿಸುತ್ತಾರೆ. ಬದಲಾಗುವುದು ತೊಡೆಯೆಲುಬಿನ ಕೆಳತುದಿ ಮತ್ತು ಮೊಣಕಾಲ ಕೆಳಗಿನ ದೊಡ್ಡ ಎಲುಬಿನ ಮೇಲ್ತುದಿಗಳ ಸವೆದ ಮೇಲ್ಮೈ. ಅದನ್ನು ಕೆಲವೇ ಮಿಲಿಮೀಟರುಗಳಷ್ಟು ಕತ್ತರಿಸಿ ತೆಗೆದು, ಮೇಲಿನ ಎಲುಬಿಗೆ ಸಾಮಾನ್ಯವಾಗಿ ಕೋಬಾಲ್ಟ್-ಕ್ರೋಮಿಯಂ ಮಿಶ್ರಲೋಹದ ಕವಚ, ಕೆಳಗಿನದಕ್ಕೆ ಲೋಹದ ತಟ್ಟೆ, ನಡುವೆ ಪಾಲಿಥೀನ್ ಜಾತಿಯ ಗಟ್ಟಿಯಾದ ಹಾಸು, ಹೀಗೆ ಕೂರಿಸಲಾಗುತ್ತದೆ. 1974ರಲ್ಲಿ ನ್ಯೂಯಾರ್ಕಿನಲ್ಲಿ ಡಾ. ಜಾನ್ ಇನ್ಸಾಲ್ ಮತ್ತು ಸಂಗಡಿಗರು ಬಳಕೆಗೆ ತಂದ ಮಾದರಿಯೇ ಇಂದಿನ ಬಹುಪಾಲು ಕೀಲುಗಳಿಗೆ ಮೂಲ. ಇಲ್ಲಿ ಗಮನಿಸಬೇಕಾದುದು ಒಂದಿದೆ. ಹೊಸದಾಗುವುದು ಕೀಲಿನ ಮೈ ಮಾತ್ರ. ಅದನ್ನು ಎತ್ತಿ, ಮಡಚಿ, ನಡೆಸಬೇಕಾದ ಸ್ನಾಯುಗಳು ಹಳೆಯವೇ. ಹತ್ತು ಹದಿನೈದು ವರ್ಷ ನೋವಿಗೆ ಹೆದರಿ ಕುಂಟುತ್ತಾ, ಕಾಲು ಬಿಲ್ಲಿನಂತೆ ಬಾಗಿದ ಮೇಲೆ ಆಸ್ಪತ್ರೆಗೆ ಹೋಗುವ ನಮ್ಮ ತಾಯಂದಿರ ತೊಡೆಯ ಸ್ನಾಯುಗಳು ಆ ಹೊತ್ತಿಗೆ ಬಹಳಷ್ಟು ಸೊರಗಿರುತ್ತವೆ. ಅವುಗಳನ್ನು ಮತ್ತೆ ಎಬ್ಬಿಸುವ ಕೆಲಸ ಯಾವ ಲೋಹದಿಂದಲೂ ಆಗದು.

ಹಣದ ವಿಚಾರವನ್ನು ಇಲ್ಲಿಯೇ ಮುಗಿಸಿಬಿಡುವೆ. 2017ರ ಆಗಸ್ಟ್‌ನಲ್ಲಿ ಕೇಂದ್ರದ ಔಷಧ ಬೆಲೆ ನಿಯಂತ್ರಣ ಪ್ರಾಧಿಕಾರವು ಮೊಣಕಾಲಿನ ಕೃತಕ ಕೀಲುಗಳಿಗೆ ಗರಿಷ್ಠ ಬೆಲೆ ಗೊತ್ತುಪಡಿಸಿತು. ಅದಕ್ಕೆ ಮೊದಲು ಒಂದೂವರೆ ಲಕ್ಷ ರೂಪಾಯಿ ಮೀರಿ ಮಾರಾಟವಾಗುತ್ತಿದ್ದ ಸಾಮಾನ್ಯ ಕೋಬಾಲ್ಟ್-ಕ್ರೋಮಿಯಂ ಕೀಲಿಗೆ ಅಂದು ನಿಗದಿಯಾದ ಬೆಲೆ, ತೆರಿಗೆಯನ್ನು ಬಿಟ್ಟು, 54,720 ರೂಪಾಯಿ. ಕೀಲಿನ ಬೆಲೆ, ಕಂಪನಿ, ತಯಾರಿಕೆಯ ಸಂಖ್ಯೆ ಇವುಗಳನ್ನು ಬಿಲ್ಲಿನಲ್ಲಿ ಪ್ರತ್ಯೇಕವಾಗಿ ನಮೂದಿಸಬೇಕೆಂದೂ ಆದೇಶವಾಯಿತು. ಆ ಬಿಲ್ಲನ್ನು ಮನೆಯ ದಾಖಲೆಪತ್ರಗಳೊಂದಿಗೆ ಜೋಪಾನವಾಗಿಡಿ. ಇಪ್ಪತ್ತು ವರ್ಷಗಳ ನಂತರ ಮರುಚಿಕಿತ್ಸೆಯ ಅಗತ್ಯ ಬಿದ್ದರೆ ವೈದ್ಯರು ಮೊದಲು ಕೇಳುವುದು ಅದನ್ನೇ. ಕೀಲು ಎಷ್ಟು ಕಾಲ ಬಾಳುತ್ತದೆಂಬ ಪ್ರಶ್ನೆಗೆ 2019ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವು ಧೈರ್ಯ ತುಂಬುವ ಉತ್ತರ ನೀಡಿದೆ: ಪೂರ್ಣ ಬದಲಾವಣೆಯಾದ ಮೊಣಕಾಲುಗಳಲ್ಲಿ ನೂರಕ್ಕೆ ಸುಮಾರು 82 ಕೀಲುಗಳು ಇಪ್ಪತ್ತೈದು ವರ್ಷ ಬಾಳುತ್ತವೆ. ಹಾಗೆಂದು ಎಲ್ಲರಿಗೂ ಪೂರ್ಣ ತೃಪ್ತಿ ದೊರೆಯುತ್ತದೆಂದು ಹೇಳುವಂತಿಲ್ಲ. ಐವರಲ್ಲಿ ಒಬ್ಬರಾದರೂ ನಿರೀಕ್ಷಿಸಿದಷ್ಟು ಗುಣ ಕಾಣಲಿಲ್ಲವೆನ್ನುತ್ತಾರೆ. ಇದನ್ನು ಮೊದಲೇ ತಿಳಿದಿದ್ದರೆ ಆಮೇಲಿನ ನಿರಾಶೆ ಕಡಿಮೆ.

<b>ರಜೆಯ ಲೆಕ್ಕಾಚಾರ</b>

ಕರಾವಳಿಯ ನಮ್ಮ ಅನೇಕ ಕುಟುಂಬಗಳಲ್ಲಿ ಶಸ್ತ್ರಚಿಕಿತ್ಸೆಯ ದಿನವನ್ನು ನಿರ್ಧರಿಸುವುದು ಗಲ್ಫ್‌ನಲ್ಲಿರುವ ಮಗನ ರಜೆ. ಅವನಿಗೆ ದೊರೆಯುವುದು ಮೂವತ್ತು ದಿನ. ಮೊದಲ ವಾರ ರಕ್ತಪರೀಕ್ಷೆ, ಇಸಿಜಿ, ಸಕ್ಕರೆಯ ಹತೋಟಿ ಎಂದು ಕಳೆಯುತ್ತದೆ. ಎರಡನೆಯ ವಾರ ಆಸ್ಪತ್ರೆ. ಮೂರನೆಯ ವಾರ ಮನೆಗೆ ಕರೆತಂದು, ಬಂಧುಬಳಗವನ್ನು ಉಪಚರಿಸಿ, ಹೊಲಿಗೆ ಬಿಚ್ಚಿಸಿ ಮುಗಿಸುವಷ್ಟರಲ್ಲಿ ವಿಮಾನವೇರುವ ದಿನ ಬಂದಿರುತ್ತದೆ. ಮಗನು ಬಳಿಯಲ್ಲಿರಬೇಕೆಂಬ ತಾಯಿಯ ಆಸೆ ಸಹಜವೇ. ಆದರೆ ಆಸ್ಪತ್ರೆಯಲ್ಲಿ ನೋಡಿಕೊಳ್ಳಲು ದಾದಿಯರಿದ್ದಾರೆ, ವೈದ್ಯರಿದ್ದಾರೆ. ಒತ್ತಾಸೆಯ ನಿಜವಾದ ಅಗತ್ಯವಿರುವುದು ಹೊಲಿಗೆ ಬಿಚ್ಚಿದ ಮೇಲಿನ ತಿಂಗಳಿನಲ್ಲಿ. ಗಾಯ ಮಾಗಿದೆ, ನೋಡಲು ಬರುವವರು ನಿಂತಿದ್ದಾರೆ, ಎಲ್ಲವೂ ಮುಗಿಯಿತೆಂದು ಮನೆಯವರು ತಂತಮ್ಮ ಕೆಲಸಕ್ಕೆ ಹೊರಟಿದ್ದಾರೆ. ಇತ್ತ ಮೊಣಕಾಲಿನ ಒಳಗೆ ಗಾಯದ ಅಂಗಾಂಶ ದಿನದಿನಕ್ಕೆ ಗಟ್ಟಿಯಾಗುತ್ತಿದೆ. ದಿನಕ್ಕೆ ಮೂರು ನಾಲ್ಕು ಬಾರಿ ಕುಳಿತು 'ಇನ್ನೊಂದು ಸಲ ಮಡಚಿ' ಎನ್ನುವವರು ಆಗ ಬೇಕು. ಇಬ್ಬರು ಮಕ್ಕಳಿದ್ದರೆ ಒಬ್ಬರು ಆಸ್ಪತ್ರೆಗೆ, ಇನ್ನೊಬ್ಬರು ಆ ನಂತರದ ತಿಂಗಳಿಗೆ ಎಂದು ರಜೆ ಹಂಚಿಕೊಳ್ಳುವುದು ಜಾಣತನ. ಒಬ್ಬನೇ ಮಗನಾದರೆ, ತಂಗಿಯನ್ನೋ ಸೋದರಸೊಸೆಯನ್ನೋ ಎರಡನೆಯ ತಿಂಗಳಿಗೆಂದು ಈಗಲೇ ಕೇಳಿಕೊಂಡಿರಬೇಕು.

ಇನ್ನು ಶೀರ್ಷಿಕೆಯಲ್ಲಿ ಹೇಳಿದ ದಿಂಬಿನ ವಿಷಯ. ಶಸ್ತ್ರಚಿಕಿತ್ಸೆಯಾದ ಕಾಲನ್ನು ತುಸು ಮಡಚಿಟ್ಟರೆ ನೋವು ಕಡಿಮೆಯೆನಿಸುತ್ತದೆ. ಆದ್ದರಿಂದ ರಾತ್ರಿ ನರಳುವ ತಾಯಿಯನ್ನು ನೋಡಲಾರದೆ ಮಗಳು ಮೊಣಕಾಲಿನ ಅಡಿಯಲ್ಲಿ ಮೆತ್ತನೆಯ ದಿಂಬೊಂದನ್ನು ಇರಿಸುತ್ತಾಳೆ. ತಾಯಿಗೆ ನಿದ್ದೆ ಬರುತ್ತದೆ. ಹೀಗೆ ಹದಿನೈದು ರಾತ್ರಿ ಕಳೆದರೆ ಮೊಣಕಾಲು ಅದೇ ಬಾಗಿದ ಸ್ಥಿತಿಯಲ್ಲಿ ಬಿಗಿದು, ಆಮೇಲೆ ಪೂರ್ತಿ ನೇರವಾಗಲು ಒಪ್ಪುವುದಿಲ್ಲ. ನೇರವಾಗದ ಕಾಲಿನಲ್ಲಿ ನಡೆಯುವವರು ಪ್ರತಿ ಹೆಜ್ಜೆಗೂ ತೊಡೆಯ ಸ್ನಾಯುವನ್ನು ಬಿಗಿಹಿಡಿಯಬೇಕಾಗುತ್ತದೆ. ಬೇಗನೆ ದಣಿಯುತ್ತಾರೆ, ಕುಂಟುತ್ತಾರೆ, ಸೊಂಟನೋವು ಜೊತೆಗೂಡುತ್ತದೆ. ದಿಂಬು ಇರಬೇಕಾದುದು ಹಿಮ್ಮಡಿಯ ಕೆಳಗೆ. ಆಗ ಮೊಣಕಾಲಿನ ಅಡಿ ಖಾಲಿಯಾಗಿ, ಕಾಲು ತನ್ನ ಭಾರದಿಂದಲೇ ಮೆಲ್ಲನೆ ನೇರವಾಗುತ್ತದೆ. ಹತ್ತು ಹದಿನೈದು ನಿಮಿಷಗಳಂತೆ ದಿನಕ್ಕೆ ಕೆಲವು ಬಾರಿ ಹೀಗೆ ಮಾಡಬೇಕು. ನೋವಾಗುತ್ತದೆ, ನಿಜ. ಆದರೆ ಆ ನೋವಿನಿಂದ ಹೊಲಿಗೆ ಬಿಚ್ಚಿಕೊಳ್ಳುವುದಿಲ್ಲ, ಕೀಲು ಕಳಚುವುದಿಲ್ಲ ಎಂಬ ಭರವಸೆಯನ್ನು ಮನೆಯವರು ಮೊದಲು ತಾವು ಪಡೆದುಕೊಂಡು, ಆಮೇಲೆ ರೋಗಿಗೆ ನೀಡಬೇಕು.

ಇದೇ ಜಾತಿಯ ಇನ್ನೊಂದು ಮಮತೆ 'ಅಮ್ಮ, ನೀವು ಏಳಬೇಡಿ, ನಾನೇ ತಂದುಕೊಡುತ್ತೇನೆ' ಎಂಬುದು. ಇಂದಿನ ಕ್ರಮದಲ್ಲಿ ಶಸ್ತ್ರಚಿಕಿತ್ಸೆಯಾದ ದಿನವೇ ಅಥವಾ ಮರುದಿನ ರೋಗಿಯನ್ನು ವಾಕರ್ ಹಿಡಿಸಿ ನಿಲ್ಲಿಸುತ್ತಾರೆ, ನಾಲ್ಕು ಹೆಜ್ಜೆ ನಡೆಸುತ್ತಾರೆ. ಹೊಸ ಕೀಲು ಮೊದಲ ದಿನದಿಂದಲೇ ಮೈಭಾರ ಹೊರಬಲ್ಲದು. ಮಲಗಿಯೇ ಇರುವುದರಿಂದ ಸ್ನಾಯು ಸೊರಗುವುದಲ್ಲದೆ, ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಹೆಚ್ಚುತ್ತದೆ. ಆದ್ದರಿಂದ ಮನೆಯವರು ನೀರನ್ನು ತಂದುಕೊಡುವ ಬದಲು, ನೀರಿರುವಲ್ಲಿಗೆ ನಡೆದುಹೋಗುವಾಗ ಪಕ್ಕದಲ್ಲಿರುವುದು ಉತ್ತಮ. ಗಂಟೆಗೊಮ್ಮೆ ಎದ್ದು ಅಂಗಳದ ಬಾಗಿಲವರೆಗೆ ಹೋಗಿಬಂದರೂ ಸಾಕು. ಒಮ್ಮೆಗೆ ಅರ್ಧ ಗಂಟೆ ನಡೆದು ಕಾಲು ಊದಿಸಿಕೊಳ್ಳುವುದು ಬೇಡ. ನಡಿಗೆಯ ನಂತರ ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಹದಿನೈದು ಇಪ್ಪತ್ತು ನಿಮಿಷ ಇಟ್ಟು, ಕಾಲನ್ನು ಎತ್ತರದಲ್ಲಿರಿಸಿ ಮಲಗಬೇಕು.

ನೋಡಲು ಬರುವವರ ಬಗೆಗೂ ಒಂದು ಮಾತು ಸಲ್ಲುತ್ತದೆ. ವಾರ್ಡಿನವರು, ಸಂಘದವರು, ದೂರದ ನೆಂಟರು ಹಣ್ಣು ಬಿಸ್ಕೀಟುಗಳೊಂದಿಗೆ ಬಂದು ಎರಡು ತಾಸು ಕುಳಿತರೆ, ಸಂಕೋಚದಿಂದ ರೋಗಿಯೂ ಕಾಲು ಇಳಿಬಿಟ್ಟು ಅಷ್ಟೂ ಹೊತ್ತು ಕುಳಿತಿರುತ್ತಾರೆ. ಸಂಜೆಗೆ ಪಾದ ಬುರ್ರೆಂದು ಊದಿರುತ್ತದೆ, ಆ ದಿನದ ವ್ಯಾಯಾಮವೂ ತಪ್ಪಿರುತ್ತದೆ. ಇಪ್ಪತ್ತು ನಿಮಿಷ ಸಾಕು. ಮೊದಲ ವಾರಕ್ಕಿಂತ ಐದನೆಯ ವಾರ ಬಂದವರು ಹೆಚ್ಚಿನ ಉಪಕಾರ ಮಾಡಿದಂತಾಗುತ್ತದೆ.

<b>ಎಷ್ಟು ಮಡಚಬೇಕು?</b>

ಸಮತಟ್ಟಾದ ನೆಲದಲ್ಲಿ ನಡೆಯಲು ಮೊಣಕಾಲು ಸುಮಾರು 65ರಿಂದ 70 ಡಿಗ್ರಿ ಮಡಚಿದರೆ ಸಾಕು. ಮೆಟ್ಟಿಲು ಏರಿಳಿಯಲು 85-90 ಡಿಗ್ರಿ ಬೇಕು. ಕುರ್ಚಿಯಿಂದ ಸಲೀಸಾಗಿ ಏಳಲು ಅದಕ್ಕಿಂತ ಸ್ವಲ್ಪ ಹೆಚ್ಚು, ತಗ್ಗಿನ ಸೋಫಾದಿಂದ ಏಳಲು ಇನ್ನೂ ಹೆಚ್ಚು. ಸಾಮಾನ್ಯವಾಗಿ ಆರು ವಾರಗಳೊಳಗೆ ತೊಂಬತ್ತನ್ನು ದಾಟಿ ಮುಂದೆ ಸಾಗಬೇಕೆಂಬುದು ಗುರಿ. ವ್ಯಾಯಾಮಗಳು ಸರಳವಾದವು: ಪಾದವನ್ನು ಮೇಲೆ ಕೆಳಗೆ ಆಡಿಸುವುದು, ಮೊಣಕಾಲ ಹಿಂಭಾಗವನ್ನು ಹಾಸಿಗೆಗೆ ಒತ್ತಿ ಐದೆಣಿಸುವವರೆಗೆ ಹಿಡಿಯುವುದು, ಹಿಮ್ಮಡಿಯನ್ನು ಹಾಸಿಗೆಯ ಮೇಲೆಯೇ ಜಾರಿಸಿ ಕಾಲನ್ನು ಮಡಚುವುದು, ನೆಟ್ಟಗಿನ ಕಾಲನ್ನು ಒಂದು ಗೇಣು ಎತ್ತುವುದು, ಕುರ್ಚಿಯಲ್ಲಿ ಕುಳಿತು ಒಳ್ಳೆಯ ಕಾಲಿನಿಂದ ಇನ್ನೊಂದನ್ನು ಹಿಂದಕ್ಕೆ ತಳ್ಳುವುದು. ಎಷ್ಟು ಬಾರಿ, ಯಾವಾಗ ಎಂಬುದನ್ನು ಫಿಸಿಯೋಥೆರಪಿಸ್ಟರೇ ಹೇಳಬೇಕು. ನಿಗದಿತ ಅವಧಿಯಲ್ಲಿ ಕಾಲು ಮಡಚದೆ ಬಿಗಿದುಕೊಂಡರೆ, ಅರಿವಳಿಕೆ ನೀಡಿ ವೈದ್ಯರೇ ಬಲವಂತವಾಗಿ ಮಡಚಿಸಬೇಕಾಗುತ್ತದೆ. ಅದು ಮೊದಲ ಮೂರು ತಿಂಗಳೊಳಗೆ ಆದರೆ ಫಲ ಹೆಚ್ಚು. ಆದ್ದರಿಂದ 'ಮುಂದೆ ಸರಿಹೋದೀತು' ಎಂದು ಆರು ತಿಂಗಳು ಕಾಯುವುದು ಸರಿಯಲ್ಲ.

ಮೆಟ್ಟಿಲಿನ ಬಗ್ಗೆ ಫಿಸಿಯೋಥೆರಪಿಸ್ಟರಲ್ಲಿ ಒಂದು ಮೋಜಿನ ಮಾತು ಬಳಕೆಯಲ್ಲಿದೆ: ಒಳ್ಳೆಯದು ಸ್ವರ್ಗಕ್ಕೆ ಏರಲಿ, ಕೆಟ್ಟದ್ದು ನರಕಕ್ಕೆ ಇಳಿಯಲಿ. ಎಂದರೆ, ಹತ್ತುವಾಗ ಒಳ್ಳೆಯ ಕಾಲು ಮೊದಲು. ಇಳಿಯುವಾಗ ಶಸ್ತ್ರಚಿಕಿತ್ಸೆಯಾದ ಕಾಲು ಮೊದಲು. ಧರ್ಮೋಪದೇಶದ ತರಗತಿಯಲ್ಲಿ ಕಲಿತ ನಮ್ಮ ಹಿರಿಯರು ಇದನ್ನು ಮರೆಯಲಾರರು. ಊರುಗೋಲನ್ನು ಶಸ್ತ್ರಚಿಕಿತ್ಸೆಯಾದ ಕಾಲಿನ ಎದುರು ಬದಿಯ ಕೈಯಲ್ಲಿ ಹಿಡಿಯಬೇಕೆಂಬುದನ್ನು ಮಾತ್ರ ಅನೇಕರು ತಿರುವುಮುರುವು ಮಾಡಿಕೊಳ್ಳುತ್ತಾರೆ.

ನೋವಿನ ಮಾತ್ರೆಯ ವಿಚಾರದಲ್ಲಿ ನಮ್ಮವರಲ್ಲಿ ವಿಶೇಷವಾದ ಒಂದು ಹಿಂಜರಿಕೆಯಿದೆ. ಮಾತ್ರೆಯಿಂದ ಮೂತ್ರಪಿಂಡ ಕೆಡುತ್ತದೆಂಬ ಭಯ ಒಂದು ಕಡೆ. ಕೆಲವು ಬಗೆಯ ಮಾತ್ರೆಗಳ ವಿಷಯದಲ್ಲಿ ಅದು ನಿಜವಾದುದರಿಂದಲೇ ವೈದ್ಯರು ಬರೆದುದನ್ನು ಮಾತ್ರ ಬರೆದಷ್ಟು ದಿನ ಸೇವಿಸಬೇಕು. ಇನ್ನೊಂದು ಕಡೆ, ನೋವನ್ನು ಪ್ರಭುವಿನ ಯಾತನೆಗೆ ಒಪ್ಪಿಸಿ ಸಹಿಸಬೇಕೆಂಬ ಭಕ್ತಿ. ಈ ಭಕ್ತಿಯನ್ನು ಹಗುರವಾಗಿ ಕಾಣಲಾಗದು. ಆದರೆ 1957ರ ಫೆಬ್ರವರಿಯಲ್ಲಿ, ಅರಿವಳಿಕೆ ತಜ್ಞರು ಮುಂದಿಟ್ಟ ಪ್ರಶ್ನೆಗಳಿಗೆ ಉತ್ತರಿಸುತ್ತಾ ಜಗದ್ಗುರು ಹನ್ನೆರಡನೆಯ ಪಿಯುಸ್‌ರವರು, ವೈದ್ಯಕೀಯ ಉಪಾಯಗಳಿಂದ ನೋವನ್ನು ಶಮನಗೊಳಿಸಿಕೊಳ್ಳುವುದು ಕ್ರೈಸ್ತನಿಗೆ ನಿಷಿದ್ಧವಲ್ಲವೆಂದು ಸ್ಪಷ್ಟಪಡಿಸಿದ್ದಾರೆ. ಇಲ್ಲಿ ಪ್ರಾಯೋಗಿಕವಾದ ಕಾರಣವೂ ಇದೆ. ವ್ಯಾಯಾಮಕ್ಕೆ ಅರ್ಧ ಮುಕ್ಕಾಲು ಗಂಟೆ ಮೊದಲು ಮಾತ್ರೆ ತೆಗೆದುಕೊಂಡವರು ಕಾಲು ಮಡಚುತ್ತಾರೆ. ತೆಗೆದುಕೊಳ್ಳದವರು ಹಲ್ಲುಕಚ್ಚಿ ಮಲಗಿರುತ್ತಾರೆ. ಬಲವಾದ ನೋವಿನ ಮಾತ್ರೆಗಳಿಂದ ಮಲಬದ್ಧತೆ ಬರುವುದರಿಂದ ನೀರು, ಸೊಪ್ಪು, ಹಣ್ಣುಗಳನ್ನು ಹೆಚ್ಚಿಸಬೇಕು.

ಅರಿವಳಿಕೆಗೇ ಹೆದರಿ ಶಸ್ತ್ರಚಿಕಿತ್ಸೆಯನ್ನು ಮುಂದೂಡುವವರೂ ಇದ್ದಾರೆ. ಜಗದ್ಗುರು ಫ್ರಾನ್ಸಿಸ್‌ರವರು ಮೊಣಕಾಲ ನೋವಿನಿಂದಾಗಿ 2022ರ ಮೇ ತಿಂಗಳಿನಿಂದ ಗಾಲಿಕುರ್ಚಿಯನ್ನು ಬಳಸತೊಡಗಿದುದು, 2021ರ ಕರುಳಿನ ಶಸ್ತ್ರಚಿಕಿತ್ಸೆಯ ವೇಳೆಯ ಅರಿವಳಿಕೆಯ ಅನುಭವದಿಂದ ಮೊಣಕಾಲಿಗೆ ಶಸ್ತ್ರಚಿಕಿತ್ಸೆ ಬೇಡವೆಂದುದು ಎಲ್ಲರಿಗೂ ತಿಳಿದದ್ದೇ. ಅವರ ಕಾಯಿಲೆ, ವಯಸ್ಸು, ಹೊಣೆಗಾರಿಕೆಗಳು ಬೇರೆಯಾಗಿದ್ದವು. ಅದನ್ನೇ ಮೇಲ್ಪಂಕ್ತಿಯಾಗಿ ಹಿಡಿಯಬೇಕಾಗಿಲ್ಲ. ಇಂದು ಕೀಲು ಬದಲಾವಣೆಯನ್ನು ಬಹುತೇಕ ಬೆನ್ನಿಗೆ ಚುಚ್ಚುಮದ್ದು ಕೊಟ್ಟು, ಸೊಂಟದ ಕೆಳಭಾಗವನ್ನು ಮಾತ್ರ ಮರಗಟ್ಟಿಸಿ ಮಾಡುತ್ತಾರೆ.

ಮನೆಯ ಸಿದ್ಧತೆ ಆಸ್ಪತ್ರೆಗೆ ಹೊರಡುವ ಮೊದಲೇ ಆಗಿರಬೇಕು. ನೆಲದ ಜಮಖಾನ, ಚಾಪೆ, ಅಡ್ಡಾಡುವ ವಯರುಗಳನ್ನು ಎತ್ತಿಡಿ. ಕೈಯಿರುವ, ತಕ್ಕಷ್ಟು ಎತ್ತರದ ಒಂದು ಗಟ್ಟಿ ಕುರ್ಚಿ ಇರಲಿ. ಕುಕ್ಕುರುಗಾಲಿನ ಪಾಯಿಖಾನೆ ಮಾತ್ರವಿರುವ ಮನೆಗಳಲ್ಲಿ ಕಮೋಡ್ ಕುರ್ಚಿ ಅನಿವಾರ್ಯ. ಬಚ್ಚಲಿನ ಗೋಡೆಗೆ ಹಿಡಿಕೆಯೊಂದನ್ನು ಕೂರಿಸುವ ಖರ್ಚು, ಜಾರಿ ಬಿದ್ದು ಎಲುಬು ಮುರಿದುಕೊಳ್ಳುವ ಖರ್ಚಿನ ಮುಂದೆ ಏನೇನೂ ಅಲ್ಲ. ಹಲ್ಲಿನ ಹುಳುಕು, ಮೂತ್ರದ ಸೋಂಕು, ಕಾಲಿನ ಹುಣ್ಣುಗಳಿದ್ದರೆ ಮೊದಲು ಅವುಗಳ ಚಿಕಿತ್ಸೆಯಾಗಬೇಕು. ಅಲ್ಲಿನ ರೋಗಾಣುಗಳು ರಕ್ತದ ಮೂಲಕ ಹೊಸ ಕೀಲನ್ನು ಸೇರಬಲ್ಲವು. ವಾಕರ್‌ನ ಅಗತ್ಯ ಕೆಲವೇ ವಾರಗಳದ್ದು. ಆಮೇಲೆ ಅದು ಅಟ್ಟ ಸೇರುತ್ತದೆ. ಪ್ರತಿ ಧರ್ಮಕೇಂದ್ರದಲ್ಲಿಯೂ ಇಂತಹ ಎಷ್ಟೋ ವಾಕರ್‌ಗಳು, ಕಮೋಡ್ ಕುರ್ಚಿಗಳು ಅಟ್ಟಗಳಲ್ಲಿ ಧೂಳು ತಿನ್ನುತ್ತಿರಬಹುದು. ವಾರ್ಡಿನ ಗುರಿಕಾರರು ಅವುಗಳ ಪಟ್ಟಿಯೊಂದನ್ನು ಇಟ್ಟುಕೊಂಡರೆ ಬಡ ಕುಟುಂಬಗಳಿಗೆ ಎಷ್ಟೋ ಅನುಕೂಲವಾದೀತು.

ಕೆಲವು ಲಕ್ಷಣಗಳು ಕಂಡಾಗ ಫಿಸಿಯೋಥೆರಪಿಸ್ಟರನ್ನೋ ಅಕ್ಕಪಕ್ಕದವರನ್ನೋ ಕೇಳುತ್ತಾ ಕೂರದೆ ಆಸ್ಪತ್ರೆಗೆ ತೆರಳಬೇಕು: ಗಾಯದಿಂದ ನೀರು ಅಥವಾ ಕೀವು ಸೋರುವುದು, ಕೆಂಪು ಹರಡುತ್ತಾ ಹೋಗುವುದು, ಚಳಿಜ್ವರ, ಮೀನಖಂಡದಲ್ಲಿ ಹೊಸದಾಗಿ ಕಾಣಿಸುವ ನೋವು ಮತ್ತು ಬಾವು. ಒಮ್ಮೆಗೇ ಉಸಿರು ಕಟ್ಟಿದಂತಾದರೆ, ಎದೆನೋವು ಬಂದರೆ ಒಂದು ಕ್ಷಣವೂ ತಡಮಾಡುವಂತಿಲ್ಲ. ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಔಷಧಿಯನ್ನು ನಡುವೆ ನಿಲ್ಲಿಸಬಾರದು. ಹಾಗೆಯೇ, ಗಾಬರಿಪಡಬೇಕಾಗಿಲ್ಲದ ಸಂಗತಿಗಳೂ ಇವೆ. ಮೊಣಕಾಲು ಕೆಲವು ತಿಂಗಳು ಮುಟ್ಟಿದರೆ ಬೆಚ್ಚಗಿರುತ್ತದೆ, ಸಂಜೆಗೆ ಊದುತ್ತದೆ, ನಡೆವಾಗ ಟಿಕ್ ಎಂಬ ಸದ್ದು ಬರಬಹುದು, ಗಾಯದ ಹೊರಬದಿಯ ಚರ್ಮ ಜೋಮು ಹಿಡಿದಂತಿರುತ್ತದೆ. ಮೂರನೆಯ ನಾಲ್ಕನೆಯ ವಾರದಲ್ಲಿ ರಾತ್ರಿ ನಿದ್ದೆ ಬಾರದೆ, 'ಯಾಕಾದರೂ ಮಾಡಿಸಿಕೊಂಡೆನೋ' ಎಂದು ಅಳುವ ಹಿರಿಯರು ವಿರಳವಲ್ಲ. ಅವರನ್ನು ಗದರಿಸಬಾರದು. ಆ ಹಂತವನ್ನು ಬಹಳ ಮಂದಿ ದಾಟಿ ಬಂದಿದ್ದಾರೆ. ಅಂತಹ ಒಬ್ಬರನ್ನು ಮನೆಗೆ ಕರೆಸಿ ಮಾತನಾಡಿಸುವುದು ಔಷಧದಷ್ಟೇ ಗುಣಕಾರಿ.

ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವುದನ್ನು, ಕುಕ್ಕುರುಗಾಲಿನಲ್ಲಿ ಕೂರುವುದನ್ನು ಬಹುಪಾಲು ವೈದ್ಯರು ಬೇಡವೆನ್ನುತ್ತಾರೆ. ಇದು ಕೇಳಲು ಸಣ್ಣ ನಿಯಮ. ಆದರೆ ನೆಲದಲ್ಲಿ ಕುಳಿತು ಬೀಡಿ ಕಟ್ಟಿ ಮನೆ ನಡೆಸಿದ, ಮೆಟ್ಟುಗತ್ತಿಯಲ್ಲಿ ಮೀನು ಕೊಯ್ದ, ಮಣೆಯ ಮೇಲೆ ಕುಳಿತು ತೆಂಗಿನಕಾಯಿ ತುರಿದ ಹೆಂಗಸಿಗೆ ಅದು ಬದುಕಿನ ಕ್ರಮವನ್ನೇ ಬದಲಿಸುವ ಮಾತು. ಬೀಡಿಯ ಮೊರವನ್ನು ಮೇಜಿನ ಎತ್ತರಕ್ಕೆ ಏರಿಸಬೇಕು. ಅಡುಗೆಯ ಕಟ್ಟೆಯ ಬಳಿ ಎತ್ತರದ ಸ್ಟೂಲೊಂದು ಬೇಕು. ಈ ಏರ್ಪಾಡುಗಳನ್ನು ಮಾಡಿಕೊಡದೆ 'ನೆಲದಲ್ಲಿ ಕೂರಬೇಡಿ' ಎಂದಷ್ಟೇ ಹೇಳಿದರೆ, ಮನೆಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ ಅವರು ಕೂತೇ ಕೂರುತ್ತಾರೆ.

ಕಡೆಗೆ, ನಮ್ಮ ಹಿರಿಯರು ವೈದ್ಯರಲ್ಲಿ ಕೇಳಲು ನಾಚುವ, ಆದರೆ ಮನಸ್ಸಿನಲ್ಲಿ ಬಹಳ ಕೊರಗುವ ಪ್ರಶ್ನೆ: ಇನ್ನು ಮೊಣಕಾಲೂರಿ ಪ್ರಾರ್ಥಿಸಬಹುದೇ? ಗಾಯ ಪೂರ್ತಿ ಮಾಗಿದ ಮೇಲೆ ಮೊಣಕಾಲೂರುವುದರಿಂದ ಸಾಮಾನ್ಯ ಮಾದರಿಯ ಕೀಲು ಕೆಡುತ್ತದೆಂದೇನೂ ಇಲ್ಲ. ಆದರೂ ಜೋಮು, ಚುಚ್ಚಿದಂತಾಗುವ ಅನುಭವ, ಏನೋ ಆದೀತೆಂಬ ಭಯ ಇವುಗಳಿಂದ ಅನೇಕರು ಊರಲಾರರು. ಪ್ರಯತ್ನಿಸಬಯಸುವವರು ಕೆಲವು ತಿಂಗಳು ಕಳೆದ ಬಳಿಕ, ವೈದ್ಯರ ಒಪ್ಪಿಗೆ ಪಡೆದು, ಮೊದಲು ಮಂಚದ ಹಾಸಿಗೆಯ ಮೇಲೆ ಕೆಲವೇ ಕ್ಷಣ ಊರಿ ನೋಡಬೇಕು. ಆಮೇಲೆ ನೆಲದಲ್ಲಿ ದಪ್ಪ ದಿಂಬಿನ ಮೇಲೆ, ಕುರ್ಚಿಯನ್ನು ಹಿಡಿದುಕೊಂಡು, ಒಬ್ಬರು ಪಕ್ಕದಲ್ಲಿರುವಾಗ. ಇಗರ್ಜಿಯ ಮರದ ಹಲಗೆಗೆ ಅವಸರ ಮಾಡಬೇಕಾಗಿಲ್ಲ. ವೇಳಾಂಕಣಿಯಲ್ಲಿ ಮರಳಿನ ಹಾದಿಯನ್ನು ಮೊಣಕಾಲಿನಲ್ಲಿ ಕ್ರಮಿಸುವ ಹರಕೆಯನ್ನು ಮಾತ್ರ ಹೊಸ ಕೀಲಿನವರು ಹೊರಬಾರದು. ಮೊದಲೇ ಹೊತ್ತಿದ್ದರೆ ಅದನ್ನು ಬೇರೊಂದು ಸತ್ಕಾರ್ಯಕ್ಕೆ ಬದಲಾಯಿಸಿಕೊಳ್ಳುವ ಬಗೆಯನ್ನು ಧರ್ಮಗುರುಗಳಲ್ಲಿ ಕೇಳಿದರಾಯಿತು.

ಊರಲಾಗದವರು ತಪ್ಪಿತಸ್ಥರಂತೆ ಹಿಂದಿನ ಸಾಲಿನಲ್ಲಿ ಅಡಗಬೇಕಾಗಿಲ್ಲ. ಪೂಜಾವಿಧಿಯ ಸಾಮಾನ್ಯ ನಿರ್ದೇಶನಗಳ 43ನೆಯ ಕಂಡಿಕೆಯೇ ಅನಾರೋಗ್ಯದವರಿಗೆ ವಿನಾಯಿತಿ ನೀಡಿದೆ. ರೊಟ್ಟಿ ದ್ರಾಕ್ಷಾರಸಗಳ ಪವಿತ್ರೀಕರಣದ ನಂತರ ಗುರುಗಳು ಮೊಣಕಾಲೂರಿ ವಂದಿಸುವಾಗ ಇವರು ಆಳವಾಗಿ ತಲೆಬಾಗಿ ನಮಿಸಬೇಕೆಂದು ಅದು ತಿಳಿಸುತ್ತದೆ. ಬಲಿಪೂಜೆಗೆ ಬರಲಾಗದ ಮೊದಲ ವಾರಗಳಲ್ಲಿ ಪರಮಪ್ರಸಾದವನ್ನು ಮನೆಗೆ ತರುವಂತೆ ಧರ್ಮಗುರುಗಳನ್ನು ಕೇಳಿಕೊಳ್ಳಬಹುದು. ಮತ್ತೆ ಇಗರ್ಜಿಗೆ ಹೋಗತೊಡಗಿದಾಗ, ಮೊದಲ ಕೆಲವು ಭಾನುವಾರ ಜನಸಂದಣಿ ಕಡಿಮೆಯಿರುವ ಪೂಜೆಯನ್ನು ಆರಿಸಿಕೊಂಡು, ಶಸ್ತ್ರಚಿಕಿತ್ಸೆಯಾದ ಕಾಲನ್ನು ನಡುಹಾದಿಯ ಕಡೆಗೆ ಚಾಚಲು ಆಗುವಂತೆ ಸಾಲಿನ ಅಂಚಿನ ಆಸನದಲ್ಲಿ ಕುಳಿತುಕೊಳ್ಳಬೇಕು. ಪ್ರಸಂಗ ದೀರ್ಘವಾದರೆ ಕುಳಿತಲ್ಲಿಯೇ ಪಾದವನ್ನು ಮೇಲೆ ಕೆಳಗೆ ಆಡಿಸುತ್ತಿರಬಹುದು.